ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು
‘ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಓಡ್ತಿತ್ತಲ್ಲ!’ ಎಂದು ಪ್ರೋಗ್ರಾಮರ್ ಗೊಣಗಿದರೆ, ಅರ್ಧ ಪಾಲು ಅನುಮಾನ ಡೇಟಾಬೇಸಿನ ಮೇಲಿರಲಿ. ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕನ್ನೇ ನೋಡಿ. ಒಂದೇ ಪ್ರಾಜೆಕ್ಟಿನಲ್ಲಿ ಹಲವು ಡೇಟಾಬೇಸ್ ಬಳಸುವ ಸೌಲಭ್ಯ ಅದಕ್ಕೆ ಬಂದದ್ದು 2010ರಲ್ಲಿ. ಜಾಂಗೋದ ಸ್ವಂತ ಪರೀಕ್ಷೆಗಳನ್ನು ಓಡಿಸುವವರೂ ಸೆಟ್ಟಿಂಗ್ಸ್ ಕಡತದಲ್ಲಿ ‘ಡಿಫಾಲ್ಟ್’, ‘ಅದರ್’ ಎಂಬ ಎರಡು ಡೇಟಾಬೇಸ್‌ಗಳನ್ನು ಕೊಡಬೇಕು. ಬೇರೆ ಸೆಟ್ಟಿಂಗ್ಸ್ ಕೊಡದೆ ಸುಮ್ಮನೆ ಓಡಿಸಿದರೆ ಸಿಗುವ ಡೇಟಾಬೇಸ್ ಎಸ್‌ಕ್ಯೂಲೈಟ್. ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತದೆ, ಹಾಗಾಗಿ ಬಲು ಚುರುಕು. ಆದರೆ ಬಲು ಉದಾರಿಯೂ ಹೌದು: ಹತ್ತು ಅಕ್ಷರ ಎಂದು ಮಿತಿ ಹಾಕಿದ ಕಡೆ ಇಪ್ಪತ್ತು ತುರುಕಿದರೂ ತಕರಾರಿಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಮೈಎಸ್‌ಕ್ಯೂಎಲ್ಲಿಗೋ, ನಾವು ಬೇರೆ ಹೇಳದ ಹೊರತು, ಇಂಗ್ಲಿಷಿನ ದೊಡ್ಡಕ್ಷರವೂ ಸಣ್ಣಕ್ಷರವೂ ಹುಡುಕಾಟದಲ್ಲಿ ಒಂದೇ. ಮನೆಯ ತೊಟ್ಟಿಯಲ್ಲಿ ಈಜು ಕಲಿತು ತುಂಗಭದ್ರೆಗೆ ಹಾರಿದರೆ ಆಗುವ ಗತಿ ಇದು. ಇನ್ನೊಂದು ಸೂಕ್ಷ್ಮ: ಓದುವುದಕ್ಕೆಂದೇ ಇಟ್ಟ ನಕಲು ಡೇಟಾಬೇಸ್ ಪರೀಕ್ಷೆಯ ಹೊತ್ತಿಗೆ ಖಾಲಿಯೇ ಇರುತ್ತದೆ, ಏಕೆಂದರೆ ಮೂಲದಲ್ಲಿ ಬರೆದದ್ದನ್ನು ಅಲ್ಲಿಗೆ ಸಾಗಿಸುವವರು ಯಾರೂ ಇಲ್ಲ. ಅದಕ್ಕೇ ‘ಮಿರರ್’ ಎಂಬ ಸೆಟ್ಟಿಂಗ್ ಇದೆ; ನಕಲನ್ನು ಕೇಳಿದರೆ ಮೂಲವೇ ಉತ್ತರಿಸುತ್ತದೆ. ಜೊತೆಗೆ, ಪರೀಕ್ಷೆಯೊಂದು ‘ಡಿಫಾಲ್ಟ್’ ಬಿಟ್ಟು ಬೇರೆ ಯಾವ ಯಾವ ಡೇಟಾಬೇಸ್ ಮುಟ್ಟುತ್ತದೆಂದು ಮೊದಲೇ ಹೆಸರಿಸಬೇಕು. ಹೆಸರಿಸದ್ದನ್ನು ಮುಟ್ಟಿದರೆ ಜಾಂಗೋ ಅಲ್ಲೇ ಎರರ್ ಎಸೆಯುತ್ತದೆ. ಕಿರಿಕಿರಿ ಅನ್ನಿಸಿದರೂ ಈ ಕಟ್ಟುನಿಟ್ಟು ಒಳ್ಳೆಯದೇ. ಕೋಡ್ ಬರೆಯುವಾಗ ಎಸ್‌ಕ್ಯೂಲೈಟ್ ಇರಲಿ, ಬೇಡವೆನ್ನುವುದಿಲ್ಲ. ಗ್ರಾಹಕರಿಗೆ ಒಪ್ಪಿಸುವ ಮುನ್ನ ಮಾತ್ರ ಅವರ ಸರ್ವರಿನಲ್ಲಿರುವ ಡೇಟಾಬೇಸಿನ ಮೇಲೆಯೇ ಪರೀಕ್ಷೆ ಓಡಲಿ. ಇಲ್ಲದಿದ್ದರೆ ಆ ಪರೀಕ್ಷೆಯನ್ನು ಗ್ರಾಹಕರೇ ನಡೆಸುತ್ತಾರೆ, ಅದೂ ಭಾನುವಾರ.