ಸತ್ತವರ ಉತಾರ ಎಲ್ಲಿದೆ?



ರಜೆಗೆ ಹಾಸ್ಟೆಲಿನಿಂದ ಊರಿಗೆ ಹೋದಾಗ ಮನೆಯ ಹಿರಿಯರನ್ನ ಒಂದು ಮಾತು ಕೇಳಿ: ‘ಆಯೀ, ನಮ್ಮ ಮುತ್ಯಾನ್ನ ಎಲ್ಲಿ ಮಣ್ಣ ಮಾಡೀರಿ?’ ನೀವು ಬೀಳಗಿ, ಜಮಖಂಡಿ ಕಡೆಯ ಹೊಳೆದಂಡೆಯ ಕೇರಿಯವರಾಗಿದ್ದರೆ ಆಕೆ ಕೈ ಮಾಡಿ ತೋರಿಸುವುದು ನೆಲವನ್ನಲ್ಲ, ನೀರನ್ನ ಇರಬಹುದು.

ಊರಿನ ಸಾವಿನ ಸುದ್ದಿ ಒಯ್ಯುವ ಚಾಕರಿ ನಮ್ಮದು. ಊರಿನವರ ಕುಣಿ ತೋಡುವ ಚಾಕರಿಯೂ ನಮ್ಮದು. ನಮ್ಮ ಹೆಣಕ್ಕೆ ಮಾತ್ರ ಹೊಳೆದಂಡೆ, ಹಳ್ಳದ ದಿಬ್ಬ, ಯಾರೂ ಬಿತ್ತದ ಗರಸು ನೆಲ. ಹೊಲ ಇದ್ದವರು ತಮ್ಮ ಹೊಲದಲ್ಲೇ ಮಣ್ಣು ಮಾಡಿಕೊಂಡರು. ಹೊಲವೇ ಇಲ್ಲದವರು ಎಲ್ಲಿಗೆ ಹೋಗಬೇಕು? ತಲೆತಲಾಂತರ ಹೂಳಿದ ಜಾಗ ‘ಸರ್ಕಾರಿ ಪಡ’ ಎಂದೇ ಕಾಗದದಲ್ಲಿ ಉಳಿಯಿತು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಮುಂದೆ ಅಣೆಕಟ್ಟು ಎದ್ದು, 519.60 ಮೀಟರಿನವರೆಗೆ ನೀರು ನಿಂತಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಏರಿತು. ಬಾಗಲಕೋಟೆಯ ಹಳೇ ಊರಿನ ಒಂದು ಭಾಗ, ಬೀಳಗಿ ತಾಲ್ಲೂಕಿನ ಹಳ್ಳಿಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ದಿಬ್ಬಗಳು ಒಂದೊಂದಾಗಿ ನಡುಗಡ್ಡೆಯಾಗಿ ಏಳುತ್ತವೆ. ಅಂಥ ಗಡ್ಡೆಯ ಮೇಲೆ ನಮ್ಮವರ ಕುಣಿ ಇದ್ದರೆ, ಒಂದು ಎಡೆ ಇಡಲಿಕ್ಕೂ ತೆಪ್ಪದವನ ಕೈಕಾಲು ಹಿಡಿಯಬೇಕು. ಮತ್ತೆ ಮಳೆಗಾಲ ಬಂದರೆ ಅದೂ ಇಲ್ಲ.

ಮುಳುಗಡೆಯ ಪಂಚನಾಮೆಯಲ್ಲಿ ಮನೆ ಎಣಿಸಿದರು, ಬಾವಿ ಎಣಿಸಿದರು, ಬೇವಿನ ಗಿಡ ಎಣಿಸಿದರು. ಕುಣಿಗೆ ಉತಾರ ಇಲ್ಲ. ಉತಾರ ಇಲ್ಲದ್ದಕ್ಕೆ ಪರಿಹಾರವೂ ಇಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲಿಕ್ಕೆ ಬಾಬಾಸಾಹೇಬರು ಸತ್ಯಾಗ್ರಹ ಮಾಡಬೇಕಾಯಿತು. ಇಲ್ಲಿ ನೀರೇ ಹುಡುಕಿಕೊಂಡು ಬಂದು ನಮ್ಮ ಸತ್ತವರನ್ನ ಮುಟ್ಟಿತು. ಆಗ ಯಾರಿಗೂ ಮೈಲಿಗೆ ಆಗಲಿಲ್ಲ!

ಇದು ಮುಗಿದ ಕಥೆ ಅಂದುಕೊಳ್ಳಬೇಡಿ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ನೀರಿನ ಮಟ್ಟವನ್ನ 524.256 ಮೀಟರಿಗೆ ಏರಿಸಲು ಒಪ್ಪಿದೆ. ಅಂದರೆ ಇನ್ನೂ ಸುಮಾರು 15 ಅಡಿ. ಮುಳುಗುವುದು 75 ಸಾವಿರ ಎಕರೆಗೂ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯದ ಎಕರೆಗೆ 30 ಲಕ್ಷ ಎಂದು ತೀರ್ಮಾನಿಸಿತು. ಭೂಮಿ ಇದ್ದವರು ಲೆಕ್ಕ ಹಾಕುತ್ತಿದ್ದಾರೆ, ಹಾಕಲಿ. ನಮ್ಮ ಲೆಕ್ಕ ಯಾರು ಹಾಕುವವರು?

ಕಾನೂನು ಇಲ್ಲ ಅನ್ನುವಂತಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿ, ಎತ್ತಂಗಡಿಯಾದ ಊರಿಗೆ ಹೂಳುವ ಇಲ್ಲವೆ ಸುಡುವ ಜಾಗ ಕೊಡಬೇಕು ಅನ್ನುತ್ತದೆ. ಅದೂ ಅಲ್ಲಿರುವ ಜಾತಿ-ಸಮುದಾಯಗಳ ಪದ್ಧತಿಗೆ ತಕ್ಕಂತೆ! ಜಾತಿ ಸ್ಮಶಾನದ ಬಾಗಿಲಲ್ಲೂ ನಿಂತಿದೆ ಎಂದು ಕಾಯ್ದೆಯೇ ಬರೆದುಕೊಟ್ಟಂತಾಯಿತು. ಎಲ್ಲ ಊರಿಗೂ ಸ್ಮಶಾನಕ್ಕೆ ಜಾಗ ಕೊಡಿ ಎಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಆದೇಶಿಸಿತು. ಅದನ್ನ ಪಾಲಿಸಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು.

‘ಬದುಕಿದವರಿಗೇ ಕೆಲಸ ಇಲ್ಲ, ಸತ್ತವರ ಮಾತೇಕೆ?’ ಎಂದು ನಿಮ್ಮಲ್ಲೇ ಕೆಲವರು ಕೇಳಬಹುದು. ನಾವು ಗೋರಿ ಪೂಜೆಗೆ ಕರೆಯುತ್ತಿಲ್ಲ. ನಾಳೆ ಹೊಸ ಪುನರ್ವಸತಿ ಕೇಂದ್ರದಲ್ಲಿ ನಿಮ್ಮವ್ವ ತೀರಿಕೊಂಡರೆ, ಹೆಣ ಹೊತ್ತು ಯಾರ ಹೊಲದ ಬದುವಿನಲ್ಲಿ ಕೈಮುಗಿದು ನಿಲ್ಲುತ್ತೀರಿ? ಪ್ರಶ್ನೆ ಅದು. ಸತ್ತವರಿಗೆ ಮೂರು ಮೊಳ ನೆಲದ ಹಕ್ಕಿಲ್ಲದ ಜಾಗದಲ್ಲಿ ಇದ್ದವರ ಮಾನವೂ ಬಾಡಿಗೆಯದೇ.

ಕೆಲಸ ಹೀಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಾಸ್ಟೆಲ್ ಹುಡುಗ ಹುಡುಗಿಯರು ಊರಿಗೊಬ್ಬರಂತೆ ಒಂದು ವಹಿ ಇಡಿ. ಮಣ್ಣು ಮಾಡುವ ಜಾಗ ಎಲ್ಲಿ, ಎಷ್ಟು ಗುಂಟೆ, ಯಾವ ಸರ್ವೆ ನಂಬರು, ಹೊಳೆ ಏರಿದರೆ ದಾರಿ ಉಳಿಯುತ್ತದೋ ಇಲ್ಲವೋ, ಹಿರಿಯರನ್ನ ಕೇಳಿ ಬರೆಯಿರಿ. ನಕ್ಷೆ ತೆಗೆಯಿರಿ. ಗ್ರಾಮಸಭೆಯಲ್ಲಿ ಓದಿ, ಠರಾವಿನಲ್ಲಿ ಬರೆಸಿ. ಕಂದಾಯ ಕಾಯ್ದೆಯ 71ನೇ ಕಲಮಿನಡಿ ಜಾಗ ಕಾಯ್ದಿರಿಸಿ ಎಂದು ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಪೋಚು ಇಸಕೊಳ್ಳಿ.

ಎಲ್ಲರಿಗೂ ಒಂದೇ ಸ್ಮಶಾನ ಆಗುವ ದಿನಕ್ಕೆ ನಾವು ಹೋರಾಡುತ್ತೇವೆ. ಅಲ್ಲಿಯವರೆಗೆ ಇದ್ದ ದಿಬ್ಬವನ್ನ ಲೆಕ್ಕವಿಲ್ಲದೆ ನೀರಿಗೆ ಬಿಡುವುದಿಲ್ಲ. ಹೊಳೆ ಏರುವ ಮೊದಲು ವಹಿ ತುಂಬಲಿ.

ಜೈ ಭೀಮ್.