ಪ್ರೊಬೇಷನ್ ಅಧಿಕಾರಿಯ ತರಬೇತಿ: ನಮ್ಮ ಸಂಘಗಳಿಗೂ ಪಾಲಿದೆ

ಬ್ಯಾಂಕಿನಲ್ಲಿ ದುಡಿಯುವವರಿಗೆ ಪಿ.ಓ. ಎಂದರೆ ಪ್ರೊಬೇಷನರಿ ಆಫೀಸರ್. ಪರೀಕ್ಷೆ ಪಾಸಾಗಿ ಹೊಸತಾಗಿ ಬಂದವರನ್ನು ಯಾವ ಬ್ಯಾಂಕೂ ಮೊದಲ ದಿನವೇ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂರಿಸುವುದಿಲ್ಲ. ತರಬೇತಿ ಕೇಂದ್ರಕ್ಕೆ ಕಳುಹಿಸುತ್ತದೆ, ಒಂದೊಂದೇ ವಿಭಾಗದಲ್ಲಿ ಕೆಲಸ ಕಲಿಸುತ್ತದೆ, ಸಾಲ ಕೇಳಿದವನ ಅಂಗಡಿಗೂ ಮನೆಗೂ ಹಿರಿಯರ ಜತೆ ಹೋಗಿ ನೋಡಿಬರಲು ಹೇಳುತ್ತದೆ. ಬ್ಯಾಂಕಿನ ಹಣ ಮುಳುಗಬಾರದಲ್ಲ! ನ್ಯಾಯಾಲಯಕ್ಕೂ ಒಬ್ಬ ಪಿ.ಓ. ಇದ್ದಾರೆ. ಅವರು ಪ್ರೊಬೇಷನ್ ಅಧಿಕಾರಿ. ಕರ್ನಾಟಕದ ಸರಕಾರಿ ಕಡತಗಳಲ್ಲಿ ಪರಿವೀಕ್ಷಣಾಧಿಕಾರಿ. ಅವರು ಬರೆಯುವ ಎರಡು ಪುಟದ ವರದಿಯ ಮೇಲೆ ಒಬ್ಬ ತರುಣ ಜೈಲಿಗೆ ಹೋಗುವುದೋ ಮನೆಗೆ ಹೋಗುವುದೋ ನಿಂತಿರುತ್ತದೆ. ಅಂಥವರ ತರಬೇತಿಯ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ?

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಮುಂಬಯಿ ಪ್ರಾಂತ್ಯದಲ್ಲಿ 1938ರಲ್ಲಿಯೇ ಪ್ರೊಬೇಷನ್ ಕಾಯ್ದೆ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಇದೇ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಥ ಕಾಯ್ದೆ ಇತ್ತು. ಅನಂತರ 1958ರಲ್ಲಿ ಕೇಂದ್ರದ ಕಾಯ್ದೆ ಬಂತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧವಾದರೆ, ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಅದರಲ್ಲಿ ಅವಕಾಶವಿದೆ. ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಿ ಕಾಯ್ದೆಯ 6ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ. ಅಂಥವರನ್ನು ಜೈಲಿಗೆ ಹಾಕಬೇಕಾದರೆ ನ್ಯಾಯಾಲಯ ಕಾರಣ ಬರೆದಿಡಬೇಕು. ಅದಕ್ಕೂ ಮೊದಲು ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಬೇಕು.

ಇಷ್ಟು ಒಳ್ಳೆಯ ಕಾನೂನಿನಲ್ಲಿ ನಮ್ಮಂಥ ವಲಸಿಗರು ಗಮನಿಸಬೇಕಾದ ಒಂದು ಷರತ್ತಿದೆ. ಮುಚ್ಚಳಿಕೆಯ ಮೇಲೆ ಬಿಡಬೇಕಾದರೆ ತಪ್ಪಿತಸ್ಥನಿಗೋ ಅವನ ಜಾಮೀನುದಾರನಿಗೋ ನ್ಯಾಯಾಲಯದ ವ್ಯಾಪ್ತಿಯಲ್ಲಿ, ಇಲ್ಲವೇ ಅವನು ಮುಂದೆ ವಾಸಿಸಲಿರುವ ಊರಿನಲ್ಲಿ, ಖಾಯಂ ವಾಸಸ್ಥಳ ಅಥವಾ ನೆಲೆಯಾದ ಉದ್ಯೋಗ ಇದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಹುಡುಗನಿಗೆ ಇವೆರಡೂ ಎಲ್ಲಿಂದ ಬರಬೇಕು?

ಒಂದು ಉದಾಹರಣೆ ತೆಗೆದುಕೊಳ್ಳಿ. ಹತ್ತೊಂಬತ್ತು ವರ್ಷದ ಹುಡುಗ, ಊರಿನಿಂದ ಬಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಮಲಗುವುದು ಹೋಟೆಲಿನ ಮಾಳಿಗೆಯಲ್ಲಿ. ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಗಲ್ಲಾದಿಂದ ಎಂಟು ಸಾವಿರ ರೂಪಾಯಿ ತೆಗೆದು ಸಿಕ್ಕಿಬಿದ್ದ. ನೌಕರ ಧಣಿಯ ಹಣ ಕದ್ದರೆ ಏಳು ವರ್ಷದವರೆಗೂ ಶಿಕ್ಷೆಯಾಗಬಹುದು. ಆ ದಿನವೇ ಕೆಲಸ ಹೋಯಿತು. ಕೆಲಸದ ಜತೆ ಮಲಗುವ ಜಾಗವೂ ಹೋಯಿತು. ತರಬೇತಿಯಿಲ್ಲದ ಅಧಿಕಾರಿ ಅವನನ್ನು ಹತ್ತು ನಿಮಿಷ ಮಾತನಾಡಿಸಿ, 'ಖಾಯಂ ವಿಳಾಸ ಇಲ್ಲ, ಸಂಬಂಧಿಕರಿಲ್ಲ, ನಿರುದ್ಯೋಗಿ' ಎಂದು ಬರೆದು ಸಹಿ ಹಾಕಬಹುದು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಹುಡುಗನ ಹಣೆಬರಹ ಅಲ್ಲಿಗೇ ಮುಗಿಯಿತು.

ಅದೇ ಕೆಲಸವನ್ನು ಕಲಿತ ಅಧಿಕಾರಿಯಾದರೆ? ಹುಡುಗನ ಮಾತು ಅರ್ಥವಾಗದಿದ್ದರೆ ಕನ್ನಡವೋ ತುಳುವೋ ಬಲ್ಲವರನ್ನು ಕರೆಸುತ್ತಾರೆ. ಊರಿನ ಪಂಚಾಯತಿಗೆ ಫೋನು ಮಾಡುತ್ತಾರೆ. ಮುಂಬಯಿಯಲ್ಲಿರುವ ಸೋದರಮಾವ ಯಾರು, ಹುಡುಗ ಯಾವ ರಾತ್ರಿ ಶಾಲೆಗೆ ಹೋಗುತ್ತಿದ್ದ, ಹಿಂದಿನ ಧಣಿ ಏನು ಹೇಳುತ್ತಾರೆ ಎಂದು ವಿಚಾರಿಸುತ್ತಾರೆ. ಹಣ ಹಿಂದಿರುಗಿಸುವ ದಾರಿಯಿದೆಯೇ, ಮತ್ತೆ ಕೆಲಸ ಕೊಡುವವರಿದ್ದಾರೆಯೇ ಎಂದು ನೋಡುತ್ತಾರೆ. ಅವರ ವರದಿಯಲ್ಲಿ ವಿಳಾಸವೂ ಇರುತ್ತದೆ, ಜಾಮೀನುದಾರನೂ ಇರುತ್ತಾನೆ. ಸಾಲ ಕೊಡುವ ಮುಂಚೆ ಮನೆ ನೋಡಿಬರುವುದು, ಕೊಟ್ಟ ಮೇಲೆ ಬೆನ್ನು ಬಿಡದಿರುವುದು ಬ್ಯಾಂಕಿನವರಿಗೆ ಗೊತ್ತಿರುವ ಪಾಠ. ಪ್ರೊಬೇಷನ್ ಅಧಿಕಾರಿಯ ವಿದ್ಯೆಯೂ ಇದೇ ದಾರಿಯದು, ಅದಕ್ಕಿಂತ ಎಷ್ಟೋ ಕಠಿಣವಾದದ್ದು.

ತರಬೇತಿಯಿಂದ ನಿಜವಾಗಿಯೂ ವ್ಯತ್ಯಾಸವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೆನಡಾ ದೇಶದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಅಲ್ಲಿ ಜೇಮ್ಸ್ ಬೊಂಟಾ ಮತ್ತು ಸಹೋದ್ಯೋಗಿಗಳು ಪ್ರೊಬೇಷನ್ ಅಧಿಕಾರಿಗಳ ಒಂದು ಗುಂಪಿಗೆ ಮೂರು ದಿನದ ತರಬೇತಿ ಕೊಟ್ಟರು. ಬಳಿಕ ಪ್ರತಿ ತಿಂಗಳೂ ಸೇರಿಸಿ ಕಲಿತದ್ದನ್ನು ತಿದ್ದಿದರು. ಷರತ್ತು ಪಾಲಿಸಿದೆಯಾ ಎಂದು ಗದರಿಸುವುದಕ್ಕಿಂತ, ತಪ್ಪಿಗೆ ಎಳೆಯುವ ಯೋಚನೆ ಮತ್ತು ಸಹವಾಸವನ್ನು ಬದಲಿಸುವುದು ಹೇಗೆಂಬುದೇ ಪಾಠ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷದೊಳಗೆ ಮತ್ತೆ ಅಪರಾಧ ಮಾಡಿದವರು ತರಬೇತಿ ಪಡೆದ ಅಧಿಕಾರಿಗಳ ಕೈಕೆಳಗೆ ಸುಮಾರು ಶೇಕಡಾ 25. ಪಡೆಯದವರ ಕೈಕೆಳಗೆ ಸುಮಾರು ಶೇಕಡಾ 40. ಅಧ್ಯಯನ ಚಿಕ್ಕದೇ ಇರಬಹುದು. ಆದರೂ ಮೂರು ದಿನದ ಪಾಠ ಹೇಳಿ, ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆಸಿ ಕಳುಹಿಸಿದರೆ ಸಾಲದು, ತಿಂಗಳು ತಿಂಗಳೂ ಬೆನ್ನ ಹಿಂದೆ ನಿಲ್ಲುವ ಹಿರಿಯರು ಬೇಕೆಂಬುದನ್ನು ಅದು ತೋರಿಸಿಕೊಟ್ಟಿದೆ.

ನಮ್ಮ ದೇಶದಲ್ಲಿ ಕಲಿಸುವವರಿಲ್ಲ ಎಂದೇನೂ ಅಲ್ಲ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಇಂದು ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ. 1950ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಪರಿಣತ ವಾಲ್ಟರ್ ರೆಕ್ಲೆಸ್ ಭಾರತಕ್ಕೆ ಬಂದು ಜೈಲು ಅಧಿಕಾರಿಗಳಿಗೆ ತರಬೇತಿ ನೀಡಿದ್ದರು. ಆ ಸಂಸ್ಥೆಯ 'ಪ್ರಯಾಸ್' ಯೋಜನೆ 1990ರಿಂದ ಜೈಲು, ಪೊಲೀಸ್ ಠಾಣೆ, ನ್ಯಾಯಾಲಯಗಳಲ್ಲಿ ಕೆಲಸ ಮಾಡುತ್ತಿದೆ. ಕರ್ನಾಟಕವೂ ಸೇರಿ ದಕ್ಷಿಣದ ರಾಜ್ಯಗಳ ಅಧಿಕಾರಿಗಳಿಗಾಗಿ 1979ರಿಂದ ವೆಲ್ಲೂರಿನಲ್ಲಿ ತರಬೇತಿ ಅಕಾಡೆಮಿಯಿದೆ. 1990ರಲ್ಲಿ ವಿಶ್ವಸಂಸ್ಥೆ ಒಪ್ಪಿದ 'ಟೋಕಿಯೋ ನಿಯಮಗಳು', ಜೈಲಿನ ಹೊರಗಿನ ಶಿಕ್ಷೆಯನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಕೆಲಸಕ್ಕೆ ಸೇರುವ ಮುನ್ನವೂ ಸೇರಿದ ಮೇಲೂ ತರಬೇತಿ ಇರಬೇಕೆಂದು ಸ್ಪಷ್ಟವಾಗಿ ಹೇಳಿವೆ. ಹಾದಿ ಗೊತ್ತಿದೆ, ನಡೆಯುವುದು ಬಾಕಿ.

ನಡೆಸುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಪ್ರೊಬೇಷನ್ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದೇ ಮನೆಯಿಲ್ಲ. ತಮಿಳುನಾಡಿನಲ್ಲಿ ಅದು ಜೈಲು ಇಲಾಖೆಯ ಜತೆ. ಕೇರಳದಲ್ಲಿ ಸಾಮಾಜಿಕ ನ್ಯಾಯ ಇಲಾಖೆಯಲ್ಲಿ. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಹತ್ತಾರು ಹೊಣೆಗಳ ನಡುವೆ ಒಂದು. ನ್ಯಾಯಾಲಯದ ಮೆಟ್ಟಿಲು ಹತ್ತದವರು ಮೇಲಧಿಕಾರಿಯಾಗಿ ಬಂದರೆ, ಕೆಳಗಿನವನು ಬರೆದ ವರದಿಯನ್ನು ಹೇಗೆ ತಿದ್ದಿಯಾರು? ಕಿರಿಯ ಅಧಿಕಾರಿಗೆ ಒಂದು ಕೇಸು ಕೈಮೀರಿದಾಗ ಯಾರನ್ನು ಕೇಳಬೇಕು? ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನೂ ಪರೀಕ್ಷೆ ಬರೆದು ಅಧಿಕಾರಿಯಾಗುವ ದಾರಿಯಿದೆ. ಅಂಥವರಿಗೆ ಕೌಂಟರಿನ ಕಷ್ಟ ಹೇಳಿಕೊಡಬೇಕಾಗಿಲ್ಲ. ಪ್ರೊಬೇಷನ್ ಸೇವೆಯಲ್ಲಿಯೂ ಕ್ಷೇತ್ರದಲ್ಲಿ ಪಳಗಿದವರೇ ಮೇಲೇರಿ ಮುಂದಾಳುಗಳಾಗುವ ವ್ಯವಸ್ಥೆ ಬೇಕು. ಕೇರಳ ಸರಕಾರ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಜನ್ಮದಿನವಾದ ನವೆಂಬರ್ 15ನ್ನು ಪ್ರೊಬೇಷನ್ ದಿನವೆಂದು ಆಚರಿಸುತ್ತಿರುವುದು ಶ್ಲಾಘನೀಯ. ನಮ್ಮ ಎರಡೂ ರಾಜ್ಯಗಳು ಅದನ್ನು ಗಮನಿಸಬೇಕು.

ಈ ಮಾತು ಇಂದು ಇನ್ನೂ ತುರ್ತಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 'ಸಮುದಾಯ ಸೇವೆ'ಯನ್ನು ಒಂದು ಶಿಕ್ಷೆಯಾಗಿ ಸೇರಿಸಿದೆ. ಮೊದಲ ಬಾರಿ ಮಾಡಿದ ಐದು ಸಾವಿರ ರೂಪಾಯಿಗಿಂತ ಕಡಿಮೆಯ ಕಳವು (ವಸ್ತು ಹಿಂದಿರುಗಿಸಿದರೆ), ಕುಡಿದು ಸಾರ್ವಜನಿಕ ಸ್ಥಳದಲ್ಲಿ ಮಾಡಿದ ರಂಪ, ಮಾನಹಾನಿ ಮುಂತಾದ ಆರು ಅಪರಾಧಗಳಿಗೆ ಇದು ಅನ್ವಯಿಸುತ್ತದೆ. ಸಂಬಳವಿಲ್ಲದೆ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಬೇಕೆಂದು ಕಾನೂನು ಹೇಳಿದೆ. ಆದರೆ ಬೆಳಿಗ್ಗೆ ಎಷ್ಟು ಗಂಟೆಗೆ ಬಂದ, ಯಾವ ಕೆಲಸ ಕೊಡಬೇಕು, ಎಲ್ಲರ ಮುಂದೆ ಅವಮಾನವಾಗದಂತೆ ಹೇಗೆ ಮಾಡಿಸಬೇಕು ಎಂಬುದನ್ನು ದಿನನಿತ್ಯ ನೋಡಿಕೊಳ್ಳುವವರು ಯಾರೆಂದು ಸಂಹಿತೆಯಲ್ಲಿ ಬರೆದಿಲ್ಲ. ತರಬೇತಿ ಪಡೆದ ಸಿಬ್ಬಂದಿಯಿಲ್ಲದಿದ್ದರೆ ಇದು ಪೊರಕೆ ಹಿಡಿಸಿ ಫೋಟೋ ತೆಗೆಸುವ ತಮಾಷೆಯಾದೀತು.

ಕಳ್ಳನಿಗೆ ಇಷ್ಟೆಲ್ಲ ಉಪಚಾರ ಯಾಕೆ ಎಂದು ಕೇಳುವ ಹೋಟೆಲ್ ಮಾಲೀಕರ ಮಾತಿನಲ್ಲಿಯೂ ನ್ಯಾಯವಿದೆ. ಕಳೆದುಕೊಂಡದ್ದು ಅವರ ಬೆವರಿನ ಹಣ. ಆದರೆ ಹುಡುಗ ಜೈಲಿಗೆ ಹೋದರೆ ಆ ಹಣ ಬರುವುದಿಲ್ಲ. 1958ರ ಕಾಯ್ದೆಯ 5ನೇ ಕಲಮು, ಬಿಡುಗಡೆ ಮಾಡುವಾಗಲೇ ನಷ್ಟಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. 12ನೇ ಕಲಮಿನಂತೆ, ಅಪರಾಧ ಸಾಬೀತಾದದ್ದಕ್ಕೆ ಕಾನೂನಿನಲ್ಲಿ ಅಂಟಿಕೊಳ್ಳುವ ಅನರ್ಹತೆ ಪ್ರೊಬೇಷನ್ ಮೇಲೆ ಬಿಟ್ಟವನಿಗೆ ತಟ್ಟುವುದಿಲ್ಲ. ಇನ್ನು ಜೈಲಿನ ಸ್ಥಿತಿ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 4.36 ಲಕ್ಷ ಮಂದಿಯ ಜಾಗದಲ್ಲಿ 5.73 ಲಕ್ಷ ಮಂದಿ ಇದ್ದರು. ಅಂಥ ಗರ್ದಿಯಲ್ಲಿ ಮೊದಲ ತಪ್ಪಿನವನು ಪಳಗಿದವರಿಂದ ಏನು ಕಲಿತು ಬಂದಾನು?

ಹಾಗಾದರೆ ನಮ್ಮ ಸಂಘ-ಸಂಸ್ಥೆಗಳು ಏನು ಮಾಡಬಹುದು? ಜಪಾನಿನಲ್ಲಿ ಸುಮಾರು ಸಾವಿರ ಸರಕಾರಿ ಪ್ರೊಬೇಷನ್ ಅಧಿಕಾರಿಗಳಿಗೆ ಹೆಗಲು ಕೊಡುವ 'ಹೊಗೋಶಿ' ಎಂಬ ಸ್ವಯಂಸೇವಕರು ನಲವತ್ತು ಸಾವಿರಕ್ಕೂ ಮಿಕ್ಕಿ ಇದ್ದಾರೆ. ಅಂಗಡಿಯವರು, ನಿವೃತ್ತ ಶಿಕ್ಷಕರು, ಗೃಹಿಣಿಯರು. ಸಂಬಳವಿಲ್ಲ, ಆದರೆ ತರಬೇತಿ ಇದೆ. ನಮ್ಮ ಕಾಯ್ದೆಯ 13ನೇ ಕಲಮಿನಲ್ಲಿಯೂ ಇದಕ್ಕೆ ಬಾಗಿಲು ತೆರೆದಿದೆ: ರಾಜ್ಯ ಸರಕಾರದ ಮಾನ್ಯತೆ ಪಡೆದ ಸಂಸ್ಥೆ ಒದಗಿಸಿದವರೂ ಪ್ರೊಬೇಷನ್ ಅಧಿಕಾರಿಯಾಗಬಹುದು.

ಅಷ್ಟು ದೂರ ಹೋಗುವ ಮೊದಲು ಮೂರು ಕೆಲಸ ಈ ವರ್ಷವೇ ಸಾಧ್ಯ. ಒಂದು, ಪ್ರತಿವರ್ಷ ಪ್ರತಿಭಾ ಪುರಸ್ಕಾರದಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಸಿ.ಎ. ಓದುವವರಿಗೆ ಶಾಲು ಹೊದಿಸುತ್ತೇವೆ, ಸಮಾಜಕಾರ್ಯದಲ್ಲಿ ಎಂ.ಎ. ಓದುವ ಮಕ್ಕಳಿಗೂ ಒಂದೆರಡು ವಿದ್ಯಾರ್ಥಿ ವೇತನ ಮೀಸಲಿಡೋಣ. ನಮ್ಮ ಭಾಷೆ ಬಲ್ಲ ಅಧಿಕಾರಿಗಳು ಆಕಾಶದಿಂದ ಇಳಿದು ಬರುವುದಿಲ್ಲ. ಎರಡು, ಪ್ರತಿ ಸಂಘವೂ ಇಬ್ಬರು ಮೂವರು ನಿವೃತ್ತರನ್ನು ಆರಿಸಿ, ಬಲ್ಲವರಿಂದ ತರಬೇತಿ ಕೊಡಿಸಿ, ಅವರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಜಿಲ್ಲೆಯ ಪ್ರೊಬೇಷನ್ ಕಚೇರಿಗೂ ಕಾನೂನು ಸೇವಾ ಪ್ರಾಧಿಕಾರಕ್ಕೂ ಬರೆದು ಕೊಡಲಿ. ಕನ್ನಡದ ಹುಡುಗನೊಬ್ಬನ ವರದಿ ಬರೆಯುವಾಗ ಕರೆಯಲು ಒಂದು ನಂಬರಾದರೂ ಇರಲಿ. ಮೂರು, ಪ್ರೊಬೇಷನ್ ಮೇಲೆ ಬಂದವನಿಗೆ ಕೆಲಸವನ್ನೂ ಮಲಗಲು ಜಾಗವನ್ನೂ ಕೊಡಲು ಸಿದ್ಧವಿರುವ ಉದ್ಯಮಿಗಳ ಪಟ್ಟಿ ತಯಾರಾಗಲಿ. ಧೈರ್ಯ ಬೇಕು, ನಿಜ. ಆದರೆ ಅವರ ಜತೆಗೆ ಕಲಿತ ಅಧಿಕಾರಿಯೊಬ್ಬರು ನಿಂತಿದ್ದರೆ ಆ ಧೈರ್ಯ ತಾನಾಗಿ ಬರುತ್ತದೆ.

ರಾತ್ರಿ ಶಾಲೆಗಳನ್ನು ಕಟ್ಟಿದ ಹಿರಿಯರು, ಹಗಲು ಎಂಜಲು ತಟ್ಟೆ ಎತ್ತಿದ ಹುಡುಗನೂ ರಾತ್ರಿ ಪುಸ್ತಕ ಹಿಡಿಯಬಲ್ಲ ಎಂದು ನಂಬಿದ್ದರು. ಆ ನಂಬಿಕೆಯಿಂದಲೇ ಈ ಪುಟ ಓದುವ ಅನೇಕರು ಮೇಲೆ ಬಂದಿದ್ದಾರೆ. ಒಮ್ಮೆ ಜಾರಿದ ಹುಡುಗನ ಪಾಲಿಗೂ ಆ ನಂಬಿಕೆ ಉಳಿಯಬೇಕಾದರೆ ಕಾನೂನಿನ ಪುಸ್ತಕ ಮಾತ್ರ ಸಾಕಾಗದು. ಅದನ್ನು ಜಾರಿಗೆ ತರುವವರಿಗೆ ಸರಕಾರ ವಿದ್ಯೆ ಕೊಡಬೇಕು. 'ವಿಳಾಸ' ಎಂಬ ಖಾಲಿ ಜಾಗದಲ್ಲಿ ಬರೆಯಲು ನಾವು ನಮ್ಮ ಸಂಘದ ವಿಳಾಸ ಕೊಡಬೇಕು. ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡುವಂತೆ ಎಲ್ಲ ಸಂಘಗಳ ಪದಾಧಿಕಾರಿಗಳಲ್ಲಿ ವಿನಂತಿ.