ಊರಿನ ಲೆಕ್ಕ: ಹೂದೋಟದ ಅಡಿಯ ನೀರು

ಊರಿನಿಂದ ನೆಂಟರು ಬಂದರೆಂದರೆ ಮುಂಬಯಿಯ ಕನ್ನಡಿಗರು ಅವರನ್ನು ಮಲಬಾರ್ ಹಿಲ್ಲಿಗೆ ಕರೆದೊಯ್ಯದೆ ಬಿಡುವುದುಂಟೆ? ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳನ್ನು ತೋರಿಸಿ, ಎದುರಿನ ಕಮಲಾ ನೆಹರೂ ಉದ್ಯಾನದ ಬೂಟಿನ ಮನೆಯನ್ನು ಮಕ್ಕಳಿಗೆ ಕಾಣಿಸಿದರೆ ಅತಿಥಿಸತ್ಕಾರ ಪೂರ್ತಿಯಾದಂತೆ. ಆದರೆ ಆ ಹೂದೋಟ ನಿಂತಿರುವುದು ನೀರಿನ ಮೇಲೆ ಎಂಬುದನ್ನು ಬಲ್ಲವರು ವಿರಳ. 1880ರ ದಶಕದಲ್ಲಿ ಕಟ್ಟಿದ ಮುಚ್ಚು ಜಲಾಶಯವೊಂದು ಅದರ ಕೆಳಗಿದೆ. ಸುಮಾರು 15 ಕೋಟಿ ಲೀಟರು ಹಿಡಿಯುವ ಈ ತೊಟ್ಟಿಯಿಂದ ದಕ್ಷಿಣ ಮುಂಬಯಿಯ ಅನೇಕ ಪೇಟೆಗಳಿಗೆ ನೀರು ಹರಿಯುತ್ತದೆ. ಗುಡ್ಡ ಎತ್ತರದಲ್ಲಿರುವುದರಿಂದ ಇಳಿಜಾರೇ ನೀರನ್ನು ನೂಕಿ ಒಯ್ಯುತ್ತದೆ.

ಈ ನೀರಿನ ಹಿಂದೆ ದೊಡ್ಡ ಚರಿತ್ರೆಯಿದೆ. 1860ರಲ್ಲಿ ವಿಹಾರ ಸರೋವರ ಸಿದ್ಧವಾಯಿತು. ಮುಂದೆ ತುಳಸಿ, 1892ರಲ್ಲಿ ತಾನಸಾ. ಸ್ವಾತಂತ್ರ್ಯಾನಂತರ ಮೋಡಕ್ ಸಾಗರ, ಮೇಲಿನ ವೈತರಣಾ, ಭಾತಸಾ. ಕೊನೆಗೆ 2014ರಲ್ಲಿ ಮಧ್ಯ ವೈತರಣಾ. ಊರು ಬೆಳೆದಂತೆಲ್ಲ ನೀರನ್ನು ಹೆಚ್ಚು ಹೆಚ್ಚು ದೂರದಿಂದ ತರಬೇಕಾಯಿತು. ಹೀಗೆ ತಲೆಮಾರುಗಟ್ಟಲೆ ಬಾಳುವ ಕೆಲಸಕ್ಕೆ ಮಾಡುವ ಖರ್ಚೇ ಬಂಡವಾಳ ವೆಚ್ಚ. ಸಂಬಳ, ವಿದ್ಯುತ್ತು, ನಿತ್ಯದ ದುರಸ್ತಿ ಮೊದಲಾದುವು ಕಂದಾಯ ವೆಚ್ಚದ ಪಟ್ಟಿಗೆ ಸೇರುತ್ತವೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ, ಬಾವಿ ತೋಡಿಸಿದ್ದು ಬಂಡವಾಳ. ರಾಟೆಗೆ ಎಣ್ಣೆ ಹಾಕಿದ್ದು ಕಂದಾಯ.

ಮುಂಬಯಿ ಮಹಾನಗರಪಾಲಿಕೆಯ 2025-26ನೆಯ ಸಾಲಿನ ಆಯವ್ಯಯ 74,000 ಕೋಟಿ ರೂಪಾಯಿಗಳನ್ನು ದಾಟಿತು. ಅದರಲ್ಲಿ 43,000 ಕೋಟಿಗೂ ಮೀರಿ ಬಂಡವಾಳ ವೆಚ್ಚಕ್ಕೇ ಮೀಸಲಾಯಿತು. ಸಂತೋಷವೇ ಸರಿ. ಆದರೆ ಬಾವಿಗೆ ಪೂಜೆ ಮಾಡಿಸುವವರು ಬಹಳ. ರಾಟೆಯ ಎಣ್ಣೆಗೆ ಹಾರ ಹಾಕಿಸಿಕೊಂಡವರನ್ನು ಯಾರಾದರೂ ಕಂಡಿದ್ದೀರಾ? ಎಣ್ಣೆ ತಪ್ಪಿದ ದಿನ ಹೊಸ ಬಾವಿಯ ಮಾತು ಏಳುತ್ತದೆ.

ಮಲಬಾರ್ ಹಿಲ್ಲಿನಲ್ಲಿ ಈಚೆಗೆ ನಡೆದ ವಾದ ಇದೇ. ಜಲಾಶಯ ಹಳೆಯದಾಯಿತು, ಕೆಡವಿ ಇನ್ನೂ ದೊಡ್ಡದನ್ನು ಕಟ್ಟಬೇಕು ಎಂದು ಪಾಲಿಕೆ ಯೋಜಿಸಿತು. ನೂರಾರು ಕೋಟಿಯ ಕೆಲಸ. ಜತೆಗೆ 400ಕ್ಕೆ ಸಮೀಪ ಮರಗಳಿಗೆ ಕುತ್ತು. ನಾಗರಿಕರು ಎದ್ದು ನಿಂತರು. 2023ರಲ್ಲಿ ತಜ್ಞರ ಸಮಿತಿ ಜಲಾಶಯದ ಒಳಗಿಳಿದು ನೋಡಿತು. ಸಮಿತಿಯ ಕೆಲವು ಸದಸ್ಯರು, ಕೆಡವಬೇಕಾಗಿಲ್ಲ, ದುರಸ್ತಿಯೇ ಸಾಕೆಂದು ಅಭಿಪ್ರಾಯಪಟ್ಟರು.

ಪಾಲಿಕೆಯ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಲಕ್ಷಾಂತರ ಜನರ ನೀರಿನ ತೊಟ್ಟಿ ಒಂದು ದಿನ ಕೈಕೊಟ್ಟರೆ ಉತ್ತರ ಹೇಳುವವರು ಅವರೇ. ಆದರೆ ಕೆಡವುವ ಮೊದಲು ಇಳಿದು ನೋಡುವುದು ಲೇಸಲ್ಲವೆ? ಇಳಿದು ನೋಡಿದ ಖರ್ಚು ಎಷ್ಟೇ ಇರಲಿ, ಕೆಡವಿ ಕಟ್ಟುವ ಖರ್ಚಿಗೆ ಅದು ಎಣೆಯಲ್ಲ. ಇನ್ನು ನೆರಳು ಕೊಡುವ ಹಳೆಯ ಮರವನ್ನು ಯಾವ ಗುತ್ತಿಗೆದಾರನೂ ಎರಡು ವರ್ಷದಲ್ಲಿ ಕಟ್ಟಿ ಕೊಡಲಾರ.

ವಾಚಕರಲ್ಲಿ ಒಂದು ಬಿನ್ನಹ. ಮುಂದಿನ ಫೆಬ್ರವರಿಯಲ್ಲಿ ಪಾಲಿಕೆಯ ಆಯವ್ಯಯ ಪತ್ರಿಕೆಗಳಲ್ಲಿ ಬಂದಾಗ ಹೊಸ ಸೇತುವೆ, ಹೊಸ ಉದ್ಯಾನಗಳ ಚಿತ್ರ ನೋಡಿ ಪುಟ ಮಗುಚಬೇಡಿ. ಹಳೆಯ ಕೊಳವೆಗಳಿಗೆ, ತೊಟ್ಟಿಗಳಿಗೆ, ಇರುವ ತೋಟಗಳಿಗೆ ಎಷ್ಟು ತೆಗೆದಿಟ್ಟಿದ್ದಾರೆಂದು ಹುಡುಕಿರಿ. ಕಾಣದಿದ್ದರೆ ನಿಮ್ಮ ವಾರ್ಡಿನ ಕಚೇರಿಗೆ ಒಂದು ಕಾಗದ ಬರೆಯಿರಿ. ಅದಕ್ಕೂ ಮುಂಚೆ, ನಿಮ್ಮ ಸೊಸೈಟಿಯ ತಾರಸಿಯ ತೊಟ್ಟಿಯನ್ನು ಕೊನೆಯ ಸಲ ತೊಳೆಸಿದ್ದು ಯಾವಾಗ ಎಂದು ಸೆಕ್ರೆಟರಿಯವರನ್ನು ಕೇಳಿರಿ. ಗೋಡೆಗೆ ಬಣ್ಣ ಹೊಡೆಸಿದ ತಾರೀಖು ಅವರಿಗೆ ಬಾಯಿಪಾಠವಿರುತ್ತದೆ!